ಕಾರ್ಲೈಲ್ 1912: ಆಡಿದವರಿಗೆ ಓವರ್‌ಕೋಟು, ದುಡ್ಡು ಬೇರೆಯವರ ಪೆಟ್ಟಿಗೆಗೆ

2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಂದು ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಅಮೆರಿಕದ ಕಾಲೇಜುಗಳು ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಇದಲ್ಲದೆ 2016ರಿಂದ ಈಚೆಗೆ ಆಡಿದವರಿಗೆ ಹಳೇ ಬಾಕಿ ಅಂತ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಹಂಚಬೇಕು.

ಆವತ್ತಿನಿಂದ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಹಿಂದೆ ಹುಡುಗರು ಆಟದ ಪ್ರೀತಿಗೆ ಆಡುತ್ತಿದ್ದರು, ಕಾಲೇಜಿನ ಹೆಸರಿಗಾಗಿ ಆಡುತ್ತಿದ್ದರು, ಈಗ ದುಡ್ಡು ಬಂದು ಎಲ್ಲ ಹಾಳಾಯಿತು ಅಂತ. ಹೀಗೆ ಹೇಳುವವರಲ್ಲಿ ಆಟವನ್ನು ನಿಜವಾಗಿ ಪ್ರೀತಿಸುವವರೂ ಇದ್ದಾರೆ, ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ 'ಹಿಂದೆ' ಅನ್ನುವುದು ಯಾವಾಗ ಇತ್ತು? ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ದುಡ್ಡು ಮೊದಲಿನಿಂದಲೂ ಇತ್ತು. ಅದು ಯಾರ ಕೈಗೆ ಹೋಗಬೇಕು, ಯಾರ ಕೈಗೆ ಹೋಗಬಾರದು ಅನ್ನುವ ನಿಯಮ ಮಾತ್ರ ಒಂದೇ ಕಡೆಗೆ ಬಿಗಿಯಾಗಿತ್ತು. ಇದನ್ನು ನೋಡಲು ನನಗೆ ತಿಳಿದ ಮಟ್ಟಿಗೆ ಒಂದೇ ಒಂದು ಸೀಸನ್ ಸಾಕು. ಪೆನ್ಸಿಲ್ವೇನಿಯಾದ ಕಾರ್ಲೈಲ್ ಶಾಲೆಯ ತಂಡ ಆಡಿದ 1912ರ ಸೀಸನ್.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗಬೇಕು. ಕಬಡ್ಡಿಯಲ್ಲಿ ಹಿಡಿದು ಕೆಡವುತ್ತಾರಲ್ಲ, ಹಾಗೆ ಇಲ್ಲೂ ಕೆಡವುತ್ತಾರೆ. ಕೆಡವಿದ ಕೂಡಲೇ ಆಟ ನಿಂತು, ಅಲ್ಲಿಂದಲೇ ಮತ್ತೆ ಶುರು. ಇಂಥ ಒಂದೊಂದು ಪ್ರಯತ್ನಕ್ಕೂ 'ಡೌನ್' ಅನ್ನುತ್ತಾರೆ. ನಾಲ್ಕು ಡೌನ್‌ನಲ್ಲಿ ಹತ್ತು ಯಾರ್ಡ್ ಮುಂದೆ ಹೋಗದಿದ್ದರೆ ಚೆಂಡು ಎದುರು ತಂಡಕ್ಕೆ. ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು.

ನಾನು ಈಗ ಹೇಳಿದ ನಾಲ್ಕು ಡೌನ್, ಆರು ಅಂಕ, ಎರಡೂ ಜಾರಿಗೆ ಬಂದದ್ದೇ 1912ರಲ್ಲಿ. ಮೈದಾನದ ಉದ್ದ 100 ಯಾರ್ಡ್ ಆದದ್ದೂ ಅದೇ ವರ್ಷ. ಅದಕ್ಕೂ ಮೊದಲಿನ ಆಟ ಬೇರೆಯೇ ಥರ ಇತ್ತು. ದಪ್ಪ ದಪ್ಪ ಹುಡುಗರು ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಒಟ್ಟಾಗಿ ನುಗ್ಗುವುದು, ಎದುರು ಸಿಕ್ಕವನನ್ನು ತುಳಿಯುವುದು. ತಲೆಗೆ ಸರಿಯಾದ ಹೆಲ್ಮೆಟ್ ಇಲ್ಲ. 1905ರ ಒಂದೇ ಸೀಸನ್‌ನಲ್ಲಿ ಶಾಲೆ, ಕಾಲೇಜು ಎಲ್ಲ ಸೇರಿ ಸುಮಾರು 18 ಜನ ಸತ್ತರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಾಲೇಜುಗಳ ಕಡೆಯವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಮುಂದಿನ ವರ್ಷ ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ, ಅಂದರೆ ಫಾರ್ವರ್ಡ್ ಪಾಸ್‌ಗೆ, ಅವಕಾಶ ಬಂತು. ಕಾಲೇಜುಗಳದೇ ಒಂದು ಸಂಘ ಕೂಡ ಹುಟ್ಟಿತು. 1910ರಲ್ಲಿ ಅದು ತನ್ನ ಹೆಸರು ಬದಲಿಸಿ ಎನ್‌ಸಿಎಎ ಆಯಿತು. ಇವತ್ತು ಕೋರ್ಟಿನಲ್ಲಿ ರಾಜಿ ಮಾಡಿಕೊಂಡು ದುಡ್ಡು ಕೊಡಲು ಒಪ್ಪಿರುವ ಸಂಘ ಇದೇ.

ಆ ಹೊತ್ತಿನಲ್ಲಿ ಸಾವುಗಳಷ್ಟೇ ಅಲ್ಲ, ದುಡ್ಡಿನ ವಿಷಯವೂ ಪತ್ರಿಕೆಗಳಿಗೆ ಬಂದಿತ್ತು. ಯೇಲ್ ತಂಡದ ನಾಯಕನಾಗಿದ್ದ ಜೇಮ್ಸ್ ಹೋಗನ್‌ಗೆ ಕಾಲೇಜಿನ ಒಳ್ಳೇ ಹಾಸ್ಟೆಲಿನಲ್ಲಿ ಪುಕ್ಕಟೆ ವಾಸ, ಸೀಸನ್ ಮುಗಿದ ಮೇಲೆ ಕ್ಯೂಬಾ ಪ್ರವಾಸ, ಅದರ ಮೇಲೆ ಊರಿನಲ್ಲಿ ಮಾರಾಟವಾಗುವ ಒಂದು ಕಂಪನಿಯ ಸಿಗರೇಟಿಗೆ ಕಮಿಷನ್. ಯೇಲ್‌ನಲ್ಲೇ ವಾಲ್ಟರ್ ಕ್ಯಾಂಪ್ ಅವರ ಸುಪರ್ದಿಯಲ್ಲಿ ಸುಮಾರು ಒಂದು ಲಕ್ಷ ಡಾಲರ್‌ನ ಮೀಸಲು ನಿಧಿ ಇತ್ತು. ಆ ಕ್ಯಾಂಪ್ ಅವರನ್ನೇ ಇವತ್ತಿಗೂ 'ಅಮೆರಿಕನ್ ಫುಟ್‌ಬಾಲ್ ಪಿತಾಮಹ' ಅನ್ನುತ್ತಾರೆ. ಇಷ್ಟೆಲ್ಲ ಗೊತ್ತಾದ ಮೇಲೂ ಹೋಗನ್ ಮಾನಕ್ಕೆ ಏನೂ ಧಕ್ಕೆ ಆಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕಾರ್ಲೈಲ್‌ಗೆ ಬರೋಣ. ಅದು ನಿಜಕ್ಕೂ ಕಾಲೇಜಲ್ಲ. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಅನ್ನುವ ಸೇನಾಧಿಕಾರಿ ಒಂದು ಹಳೇ ಸೇನಾ ನೆಲೆಯಲ್ಲಿ ಶುರುಮಾಡಿದ ವಸತಿ ಶಾಲೆ. ಅಮೆರಿಕದ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯಿಂದ ದೂರ ಮಾಡಿ, ರೈಲು ಹತ್ತಿಸಿ, ಸಾವಿರಾರು ಮೈಲಿ ಆಚೆ ತಂದು 'ತಿದ್ದುವುದು' ಅದರ ಕೆಲಸ. ಬಂದ ಹೊಸತರಲ್ಲೇ ಹುಡುಗರ ಉದ್ದ ಕೂದಲಿಗೆ ಕತ್ತರಿ. ಅವರಲ್ಲಿ ಎಷ್ಟೋ ಜನಾಂಗಗಳಲ್ಲಿ ಕೂದಲು ಕತ್ತರಿಸುವುದು ಮನೆಯಲ್ಲಿ ಸಾವಾದಾಗ ಮಾತ್ರ. ಏಳೆಂಟು ವರ್ಷದ ಮಗುವಿಗೆ ಆವತ್ತು ಏನು ಅನ್ನಿಸಿರಬಹುದು, ಯೋಚಿಸಿ ನೋಡಿ. ಹೆಸರು ಬದಲು, ಬಟ್ಟೆ ಬದಲು, ಮನೆ ಭಾಷೆ ಆಡಿದರೆ ಶಿಕ್ಷೆ. ಅರ್ಧ ದಿನ ಪಾಠ, ಅರ್ಧ ದಿನ ಬಡಗಿ ಕೆಲಸ, ಕಮ್ಮಾರಿಕೆ, ಹೊಲಿಗೆ, ಇಸ್ತ್ರಿ. ಬೇಸಿಗೆಯಲ್ಲಿ ಬಿಳಿಯರ ಹೊಲಮನೆಗಳಿಗೆ ಕೆಲಸಕ್ಕೆ. ಕಾಯಿಲೆ ಬಿದ್ದು ಸತ್ತ ಮಕ್ಕಳಿಗೆ ಅಲ್ಲೇ ಸಮಾಧಿ. ಆ ಸ್ಮಶಾನದಲ್ಲಿ 180ಕ್ಕೂ ಹೆಚ್ಚು ಗೋರಿಗಳಿದ್ದವು.

ಇಂಥ ಜಾಗದಲ್ಲಿ ಹುಡುಗರು ಫುಟ್‌ಬಾಲ್ ಹಿಡಿದರು. ಮೊದಮೊದಲು ಪ್ರ್ಯಾಟ್‌ಗೆ ಇಷ್ಟವಿರಲಿಲ್ಲ, ಏಟು ಬೀಳುವ ಆಟ ಅಂತ. ಆಮೇಲೆ ಒಪ್ಪಿದರು. ಹೊಡೆದಾಟಕ್ಕೆ ಹೋಗಬಾರದು, ದೇಶದ ದೊಡ್ಡ ದೊಡ್ಡ ತಂಡಗಳನ್ನು ಸೋಲಿಸಬೇಕು, ಈ ಎರಡು ಷರತ್ತು ಹಾಕಿದರು. 1899ರಲ್ಲಿ ಗ್ಲೆನ್ ವಾರ್ನರ್ ಕೋಚ್ ಆಗಿ ಬಂದರು. ಎಲ್ಲರೂ ಕರೆಯುತ್ತಿದ್ದದ್ದು 'ಪಾಪ್' ವಾರ್ನರ್. ನಡುವೆ ಕೆಲವು ವರ್ಷ ಬಿಟ್ಟುಹೋಗಿ 1907ರಲ್ಲಿ ವಾಪಸ್ ಬಂದರು. ಆತ ಆಟದ ಬುದ್ಧಿಯಲ್ಲಿ ದೊಡ್ಡ ಮನುಷ್ಯ, ಅದನ್ನು ಒಪ್ಪಲೇಬೇಕು. ತನ್ನ ಹುಡುಗರು ಹಾರ್ವರ್ಡ್ ಹುಡುಗರಿಗಿಂತ ತೂಕದಲ್ಲಿ ಕಮ್ಮಿ, ಓಟದಲ್ಲಿ ಜಾಸ್ತಿ ಅಂತ ಗೊತ್ತಿತ್ತು. ಹಾಗಾಗಿ ಗುದ್ದಾಟ ಬಿಟ್ಟು ಓಟ, ಎಸೆತ, ಕಣ್ಕಟ್ಟು. 1903ರಲ್ಲಿ ಹಾರ್ವರ್ಡ್ ವಿರುದ್ಧ ಹುಡುಗರು ಗುಂಪಾಗಿ ನಿಂತು ಚೆಂಡನ್ನು ಚಾರ್ಲಿ ಡಿಲನ್ ಅನ್ನುವವನ ಅಂಗಿಯ ಬೆನ್ನೊಳಗೆ ತೂರಿಸಿದರು. ಹಾರ್ವರ್ಡ್‌ನವರು ಚೆಂಡು ಯಾರ ಹತ್ತಿರ ಇದೆ ಅಂತ ಹುಡುಕುತ್ತಿರುವಾಗ ಡಿಲನ್ ಕೈ ಬೀಸಿಕೊಂಡು ಮೈದಾನದ ಆ ತುದಿಗೆ ಓಡಿದ್ದ. ಪಂದ್ಯವನ್ನು ಹಾರ್ವರ್ಡ್ 12–11ರಿಂದ ಗೆದ್ದಿತು ನಿಜ, ಆದರೆ ಜನರಿಗೆ ನೆನಪಿರುವುದು ಆ ಬೆನ್ನು.

1911ರಲ್ಲಿ ಕಾರ್ಲೈಲ್ ಹಾರ್ವರ್ಡನ್ನು ಹಾರ್ವರ್ಡ್ ಮೈದಾನದಲ್ಲೇ 18–15ರಿಂದ ಸೋಲಿಸಿತು. ಆವತ್ತು ಗಾಯದ ಕಾಲಿಗೆ ಪಟ್ಟಿ ಸುತ್ತಿಕೊಂಡೇ ನಾಲ್ಕು ಫೀಲ್ಡ್ ಗೋಲ್ (ಆಟದ ಮಧ್ಯೆ ಚೆಂಡನ್ನು ಕಂಬಗಳ ನಡುವೆ ಒದೆಯುವುದು) ಹೊಡೆದವನು ಜಿಮ್ ಥಾರ್ಪ್. ಒಕ್ಲಹೋಮಾದ ಕಡೆಯ ಸ್ಯಾಕ್ ಅಂಡ್ ಫಾಕ್ಸ್ ಜನಾಂಗದ ಹುಡುಗ. ಮುಂದಿನ ಬೇಸಿಗೆಯಲ್ಲಿ, 1912ರಲ್ಲಿ, ಇವನೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಹೋಗಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ನ್ಯೂಯಾರ್ಕ್‌ನಲ್ಲಿ ಮೆರವಣಿಗೆ ಆಯಿತು. ಅದಾದ ಮೇಲೆ ಶಾಲೆಗೆ ವಾಪಸ್ ಬಂದು ಫುಟ್‌ಬಾಲ್ ಅಂಗಿ ತೊಟ್ಟ.

ಆ ಸೀಸನ್‌ನ ಅಂಕಿಗಳನ್ನು ನೋಡಿ. ಒಟ್ಟು 14 ಪಂದ್ಯ. 12 ಗೆಲುವು, ಒಂದು ಸೋಲು, ಒಂದು ಡ್ರಾ. ಗಳಿಸಿದ ಅಂಕ 504, ಬಿಟ್ಟುಕೊಟ್ಟದ್ದು 114. ಶುರುವಿನಲ್ಲಿ ಆಲ್ಬ್ರೈಟ್ ಮೇಲೆ 50–7, ಲೆಬನಾನ್ ವ್ಯಾಲಿ ಮೇಲೆ 45–0, ಡಿಕಿನ್ಸನ್ ಮೇಲೆ 34–0, ವಿಲನೋವಾ ಮೇಲೆ 65–0. ಆಮೇಲೆ ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನ ಜೊತೆ 0–0. ಮುಂದಕ್ಕೆ ಸಿರಕ್ಯೂಸ್ ಮೇಲೆ 33–0, ಪಿಟ್ಸ್‌ಬರ್ಗ್ ಮೇಲೆ 45–8. ಅಕ್ಟೋಬರ್ 26ರ ಶನಿವಾರ ರಾಜಧಾನಿ ವಾಷಿಂಗ್ಟನ್‌ನಲ್ಲಿ ಜಾರ್ಜ್‌ಟೌನ್ ವಿರುದ್ಧ ಆಡಿ ಗೆದ್ದು, ರೈಲು ಹತ್ತಿ ಗಡಿ ದಾಟಿ, ಸೋಮವಾರ ಕೆನಡಾದ ಟೊರಾಂಟೊದಲ್ಲಿ ಮತ್ತೆ ಮೈದಾನಕ್ಕಿಳಿದರು. ಅದೂ ಅವರಿಗೆ ಅಭ್ಯಾಸವಿಲ್ಲದ ರಗ್ಬಿ ನಿಯಮದಲ್ಲಿ, ಅಲ್ಲಿ 49–1. ಆ ಶನಿವಾರವೇ ಲೀಹೈ. ಅದರ ಮುಂದಿನ ಶನಿವಾರ ವೆಸ್ಟ್ ಪಾಯಿಂಟ್.

ಈ ಓಡಾಟ ಯಾಕೆ? ಬೇರೆ ದೊಡ್ಡ ತಂಡಗಳು ತಮ್ಮ ಊರಿನಲ್ಲಿ ಕೂತು ಎದುರಾಳಿಯನ್ನು ಕರೆಸಿಕೊಳ್ಳುತ್ತಿದ್ದವು. ಕಾರ್ಲೈಲ್ ಹೆಚ್ಚಾಗಿ ಬೇರೆಯವರ ಊರಿಗೇ ಹೋಗುತ್ತಿತ್ತು, ಯಾಕೆಂದರೆ ದೊಡ್ಡ ಊರಿನಲ್ಲಿ ದೊಡ್ಡ ಮೈದಾನ, ಟಿಕೆಟ್ ಜಾಸ್ತಿ, ಟಿಕೆಟ್ ದುಡ್ಡಿನಲ್ಲಿ ಪಾಲು. 'ಇಂಡಿಯನ್ನರು' (ಅಮೆರಿಕದ ಮೂಲನಿವಾಸಿಗಳನ್ನು ಆಗ ಹಾಗೇ ಕರೆಯುತ್ತಿದ್ದರು) ಆಡುವುದನ್ನು ನೋಡಲು ಜನ ಕಿಕ್ಕಿರಿದು ಬರುತ್ತಿದ್ದರು. ಹತ್ತು ವಾರದೊಳಗೆ 14 ಪಂದ್ಯ. ಆಗ ದಾಳಿಗೆ ಒಂದು ಪಡೆ, ರಕ್ಷಣೆಗೆ ಒಂದು ಪಡೆ ಅಂತ ಇರಲಿಲ್ಲ, ಅದೇ ಹನ್ನೊಂದು ಜನ ಇಡೀ ಪಂದ್ಯ ಆಡಬೇಕು. ಇವತ್ತಿನ ಕಾಲೇಜು ತಂಡಗಳು ವಾರಕ್ಕೆ ಒಂದೇ ಪಂದ್ಯ ಆಡುತ್ತವೆ, ಅದಕ್ಕೂ ದೇಹಕ್ಕೆ ಬಹಳ ಅಂತ ಡಾಕ್ಟರುಗಳು ಹೇಳುತ್ತಾರೆ.

ನವೆಂಬರ್ 9ರ ಪಂದ್ಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಹಡ್ಸನ್ ನದಿ ದಂಡೆಯ ವೆಸ್ಟ್ ಪಾಯಿಂಟ್ ಅಂದರೆ ಅಮೆರಿಕದ ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಜಾಗ. ಇದೇ ಸೇನೆ 1890ರ ಡಿಸೆಂಬರ್‌ನಲ್ಲಿ ವೂಂಡೆಡ್ ನೀ ಅನ್ನುವಲ್ಲಿ ಹೆಂಗಸರು, ಮಕ್ಕಳು ಅನ್ನದೆ ಲಕೋಟಾ ಜನರನ್ನು ಗುಂಡಿಟ್ಟು ಕೊಂದಿತ್ತು. ಅದಾಗಿ ಬರೀ 22 ವರ್ಷ. ಒಂದು ಕಡೆ ಆ ಸೇನೆಯ ಮುಂದಿನ ಅಧಿಕಾರಿಗಳು, ಇನ್ನೊಂದು ಕಡೆ ಆ ಸೇನೆ ಸೋಲಿಸಿದವರ ಮಕ್ಕಳು. ವಾರ್ನರ್ ಪಂದ್ಯದ ಮೊದಲು ಹುಡುಗರಿಗೆ ಇದನ್ನೇ ನೆನಪಿಸಿದರು ಅಂತ ಹೇಳುವುದುಂಟು. ನೆನಪಿಸುವ ಅಗತ್ಯವೇನೂ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಕಾರ್ಲೈಲ್ ತಂಡವನ್ನೊಮ್ಮೆ ನೋಡಿ. ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸುವವನು, ಗಸ್ ವೆಲ್ಚ್ ವಿಸ್ಕಾನ್ಸಿನ್‌ನ ಒಜಿಬ್ವೆ ಜನಾಂಗದವನು. ಜೋ ಗೈಯಾನ್ ಕೂಡ ಒಜಿಬ್ವೆ, ಆದರೆ ಮಿನೆಸೋಟಾದವನು. ಅಲೆಕ್ಸ್ ಅರ್ಕಾಸಾ ಪಶ್ಚಿಮ ತುದಿಯ ವಾಷಿಂಗ್ಟನ್ ರಾಜ್ಯದ ಕೋಲ್‌ವಿಲ್‌ನವನು. ಪೊವೆಲ್ ಉತ್ತರ ಕ್ಯಾರೊಲಿನಾದ ಚೆರೋಕಿ. ಒಬ್ಬೊಬ್ಬರದು ಒಂದೊಂದು ಮೂಲೆ, ಒಬ್ಬರ ಅಜ್ಜಿಯ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಎದುರು ಆರ್ಮಿ, ಅಂದರೆ ವೆಸ್ಟ್ ಪಾಯಿಂಟ್, ತಂಡದಲ್ಲಿ ಡ್ವೈಟ್ ಐಸೆನ್‌ಹೋವರ್ ಅನ್ನುವ ಹುಡುಗ, ಮುಂದೆ ದೇಶದ ಅಧ್ಯಕ್ಷನಾಗುವವನು.

ಮೊದಲ ಟಚ್‌ಡೌನ್ ಆರ್ಮಿಯದು, ಆದರೆ ಆಮೇಲಿನ ಒದೆತ ತಪ್ಪಿತು. ಕಾರ್ಲೈಲ್ ಕಡೆಯಿಂದ ಜೋ ಬರ್ಗಿ ಗೆರೆ ದಾಟಿದ, ಥಾರ್ಪ್ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಅರ್ಧ ಆಟಕ್ಕೆ 7–6. ಆಮೇಲೆ ಆದದ್ದೇ ಬೇರೆ. ವಾರ್ನರ್ ಹುಡುಗರನ್ನು ಹೊಸ ರೀತಿಯಲ್ಲಿ ನಿಲ್ಲಿಸಿದ್ದರು. ಎರಡೂ ಪಕ್ಕಕ್ಕೆ ಒಬ್ಬೊಬ್ಬರನ್ನು ಹರಡಿ ನಿಲ್ಲಿಸುವ 'ಡಬಲ್ ವಿಂಗ್'. ಚೆಂಡು ಎಡಕ್ಕೆ ಹೋಗುತ್ತದೋ ಬಲಕ್ಕೆ ಹೋಗುತ್ತದೋ ಆರ್ಮಿಗೆ ತಿಳಿಯಲಿಲ್ಲ. ಎಲ್ಲರ ಕಣ್ಣು ಥಾರ್ಪ್ ಮೇಲೆ, ಅವನ ಮೇಲೆ ಇಬ್ಬಿಬ್ಬರು ಮೂವರು ಬೀಳುತ್ತಿದ್ದರು, ಆ ಸಂದಿಯಲ್ಲಿ ಅರ್ಕಾಸಾ ಮೂರು ಸಲ ಗೆರೆ ದಾಟಿದ. ಆರ್ಮಿಯ ನಾಯಕ ಲೀಲ್ಯಾಂಡ್ ಡೆವೋರ್ ಆ ಕಾಲಕ್ಕೆ ದೈತ್ಯ ಅನ್ನಿಸುವ ಆಳು. ಅವನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸುತ್ತಿದ್ದದ್ದು ಅವನಿಗಿಂತ ಎಷ್ಟೋ ಸಣ್ಣ ಮೈಯ ಗೈಯಾನ್. ಕೊನೆಗೆ ಡೆವೋರ್ ತಡೆಯಲಾಗದೆ ಗೈಯಾನ್ ಮೇಲೆ ಎರಗಿದ, ಅಂಪೈರ್ ಅವನನ್ನು ಆಟದಿಂದಲೇ ಹೊರಗೆ ಕಳಿಸಿದರು. ಹೊಡೆದಾಟಕ್ಕೆ ಹೋಗಬಾರದು ಅನ್ನುವ ಷರತ್ತು ಯಾರ ಮೇಲೆ ಹಾಕಿದ್ದು ಅಂತ ನೆನಪಿದೆ ಅಲ್ವಾ? ಅದನ್ನು ಮುರಿದದ್ದು ಆ ಕಡೆಯವರು. ಆಟ ಮುಗಿದಾಗ 27–6.

ಒಂದು ವಾರಕ್ಕೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು 34–26ರಿಂದ ಸೋತರು. ದಣಿದಿದ್ದರು, ಅಷ್ಟೇ. ಉಳಿದೆರಡು ಪಂದ್ಯ ಗೆದ್ದು ನವೆಂಬರ್ 28ಕ್ಕೆ ಸೀಸನ್ ಮುಗಿಸಿದರು.

ಈಗ ದುಡ್ಡಿನ ವಿಷಯ. ಟಿಕೆಟ್ ಪಾಲಿನಿಂದ ಬಂದ ಹಣ ಶಾಲೆಯ ಸರ್ಕಾರಿ ಲೆಕ್ಕಕ್ಕೆ ಹೋಗುತ್ತಿರಲಿಲ್ಲ. ಅಥ್ಲೆಟಿಕ್ ಅಸೋಸಿಯೇಷನ್ ಅಂತ ಬೇರೊಂದು ನಿಧಿ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ವಾರ್ನರ್, ಶಾಲೆಯ ಸೂಪರಿಂಟೆಂಡೆಂಟ್ ಮೋಸೆಸ್ ಫ್ರೀಡ್‌ಮನ್, ಮತ್ತೊಬ್ಬ ಗುಮಾಸ್ತ. ವಾರ್ನರ್‌ಗೆ ಸಂಬಳ, ಇರಲು ಮನೆ. ಆಟಗಾರರಿಗೆ? ಕೆಲವು ವರ್ಷ ಹಿಂದೆ ತಿಂಗಳಿಗೆ ಒಂದಿಷ್ಟು ಡಾಲರ್ ಕೈಗೆ ಕೊಡುತ್ತಿದ್ದದ್ದುಂಟು. 1907ರಲ್ಲಿ ಕಾರ್ಲೋಸ್ ಮಾಂಟೆಜುಮಾ ಅನ್ನುವ ಮೂಲನಿವಾಸಿ ಡಾಕ್ಟರ್, 'ಇದು ಶಾಲೆಯ ತಂಡವಲ್ಲ, ಸಂಬಳದ ತಂಡ' ಅನ್ನುವ ಅರ್ಥದಲ್ಲಿ ಪತ್ರಿಕೆಗೆ ಬರೆದರು. ಆ ಗಲಾಟೆ ಆದಮೇಲೆ ಕೈಗೆ ದುಡ್ಡು ಕೊಡುವುದು ನಿಂತಿತು. ಉಳಿದದ್ದು ಸೀಸನ್ ಮುಗಿದಾಗ ಊರಿನ ಅಂಗಡಿಯಿಂದ ಒಂದು ಸೂಟು, ಒಂದು ಓವರ್‌ಕೋಟು.

ಟಿಕೆಟ್ ದುಡ್ಡು ಬರುವುದು ನಿಲ್ಲಲಿಲ್ಲ. ಕೋಚ್ ಸಂಬಳ ನಿಲ್ಲಲಿಲ್ಲ. ತಂಡ 'ಶುದ್ಧ'ವಾಗಬೇಕು ಅಂದಾಗ ಕೈ ಹಾಕಿದ್ದು ಹುಡುಗರ ಜೇಬಿಗೆ ಮಾತ್ರ.

1913ರ ಜನವರಿಯಲ್ಲಿ, ಆ ಸೀಸನ್ ಮುಗಿದು ಎರಡು ತಿಂಗಳೂ ಆಗಿರಲಿಲ್ಲ, ಮ್ಯಾಸಚೂಸೆಟ್ಸ್‌ನ ಒಂದು ಪತ್ರಿಕೆಯಲ್ಲಿ ಸುದ್ದಿ ಬಂತು. ಥಾರ್ಪ್ 1909 ಮತ್ತು 1910ರ ಬೇಸಿಗೆಯಲ್ಲಿ ಉತ್ತರ ಕ್ಯಾರೊಲಿನಾದ ರಾಕಿ ಮೌಂಟ್, ಫೆಯೆಟ್‌ವಿಲ್ ಅನ್ನುವ ಸಣ್ಣ ಊರುಗಳಲ್ಲಿ ದುಡ್ಡು ತೆಗೆದುಕೊಂಡು ಬೇಸ್‌ಬಾಲ್ ಆಡಿದ್ದ ಅಂತ. ಕೂಲಿಯಷ್ಟೇ ದುಡ್ಡು. ಬೇಸಿಗೆ ರಜೆಯಲ್ಲಿ ಹೀಗೆ ಆಡುವುದು ಕಾಲೇಜು ಹುಡುಗರಲ್ಲಿ ಮಾಮೂಲಾಗಿತ್ತು. ಬೇರೆಯವರು ಸುಳ್ಳು ಹೆಸರು ಕೊಟ್ಟು ಆಡುತ್ತಿದ್ದರು, ಥಾರ್ಪ್ ತನ್ನ ಹೆಸರಲ್ಲೇ ಆಡಿದ್ದ. ಅದೇ ಅವನಿಗೆ ಮುಳುವಾಯಿತು.

ದುಡ್ಡಿಗೆ ಆಡಿದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಜಾಗವಿರಲಿಲ್ಲ. ಆದರೆ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನ ನಿಯಮದಲ್ಲಿ, ಯಾರ ಅರ್ಹತೆಯ ಬಗ್ಗೆ ತಕರಾರಿದ್ದರೂ 30 ದಿನದೊಳಗೆ ಹೇಳಬೇಕು ಅಂತ ಸ್ಪಷ್ಟವಾಗಿ ಇತ್ತು. ಇಲ್ಲಿ ಆರು ತಿಂಗಳು ಕಳೆದಿತ್ತು. ಆದರೂ ಅಮೆರಿಕದ ಕ್ರೀಡಾ ಸಂಘದವರೇ ಮುಂದೆ ಬಿದ್ದು ಪದಕ ವಾಪಸ್ ಕಳಿಸಿದರು, ಹೆಸರು ದಾಖಲೆಯಿಂದ ಹೋಯಿತು. ಥಾರ್ಪ್ ಒಂದು ಪತ್ರ ಬರೆದ. ನಾನು ಏನೂ ತಿಳಿಯದ ಇಂಡಿಯನ್ ಶಾಲಾ ಹುಡುಗ, ಇದು ತಪ್ಪು ಅಂತ ಗೊತ್ತಿರಲಿಲ್ಲ, ಬೇರೆ ಕಾಲೇಜು ಹುಡುಗರು ಮಾಡಿದ್ದನ್ನೇ ಮಾಡಿದೆ, ಅವರು ಮಾತ್ರ ತಮ್ಮ ಹೆಸರು ಹೇಳಲಿಲ್ಲ ಅನ್ನುವುದು ಅದರ ಸಾರ. ಆ ಪತ್ರದ ಹಿಂದೆ ವಾರ್ನರ್ ಕೈ ಇತ್ತು ಅಂತ ಇತಿಹಾಸಕಾರರಲ್ಲಿ ಎಷ್ಟೋ ಜನ ಹೇಳುತ್ತಾರೆ. ತಂಡದ ಮುಖ್ಯ ಆಟಗಾರ ಎರಡು ಬೇಸಿಗೆ ಎಲ್ಲಿದ್ದ ಅಂತ ಕೋಚ್‌ಗೆ ಗೊತ್ತೇ ಇರಲಿಲ್ಲ ಅನ್ನುವುದನ್ನು ನನ್ನಿಂದಂತೂ ನಂಬಲಾಗುವುದಿಲ್ಲ. ತಪ್ಪೆಲ್ಲ ಹುಡುಗನದು ಅಂತ ಬರೆಸಿ ದೊಡ್ಡವರು ಪಕ್ಕಕ್ಕೆ ಸರಿದರು.

ಇಲ್ಲಿ ಹೋಗನ್‌ನನ್ನು ಮತ್ತೆ ನೆನಪು ಮಾಡಿಕೊಳ್ಳಿ. ಸಿಗರೇಟ್ ಕಮಿಷನ್ ಪಡೆದ ಯೇಲ್ ನಾಯಕನಿಗೆ ಏನೂ ಆಗಲಿಲ್ಲ. ಇನ್ನೂ ಒಂದು ವಿಷಯ ಇದೆ. ವೆಸ್ಟ್ ಪಾಯಿಂಟ್‌ನಲ್ಲಿ ಥಾರ್ಪ್‌ನನ್ನು ಕೆಡವಲು ಒದ್ದಾಡಿದ ಐಸೆನ್‌ಹೋವರ್, ಸೇನಾ ಅಕಾಡೆಮಿಗೆ ಸೇರುವ ಮೊದಲು ತಾನು ಬೇರೊಂದು ಹೆಸರಿನಲ್ಲಿ ದುಡ್ಡಿಗೆ ಬೇಸ್‌ಬಾಲ್ ಆಡಿದ್ದೆ ಅಂತ 1945ರಲ್ಲಿ ತಾನೇ ಹೇಳಿಕೊಂಡರು. ಒಂದೇ ಮೈದಾನ, ಒಂದೇ ದಿನ, ಇಬ್ಬರು ಹುಡುಗರು, ಇಬ್ಬರೂ ಮಾಡಿದ್ದು ಒಂದೇ ಕೆಲಸ. ಒಬ್ಬರು ಶ್ವೇತಭವನಕ್ಕೆ ಹೋದರು. ಇನ್ನೊಬ್ಬನಿಗೆ ಅವನ ಪದಕ ವಾಪಸ್ ಬರಲು ಅವನೇ ಬದುಕಿರಲಿಲ್ಲ. ಥಾರ್ಪ್ ತೀರಿಕೊಂಡದ್ದು 1953ರಲ್ಲಿ. 1983ರಲ್ಲಿ ಮಕ್ಕಳ ಕೈಗೆ ಪದಕದ ಪ್ರತಿಗಳನ್ನು ಕೊಟ್ಟರು, ಆಗಲೂ 'ಜಂಟಿ ವಿಜೇತ' ಅಂತ. 2022ರ ಜುಲೈನಲ್ಲಿ, 110 ವರ್ಷದ ನಂತರ, ಒಬ್ಬನೇ ವಿಜೇತ ಅಂತ ಒಪ್ಪಿಕೊಂಡರು.

ಹಾಗಂತ ಕಾರ್ಲೈಲ್ ಹುಡುಗರು ಸುಮ್ನೆ ಕೂರಲಿಲ್ಲ. ಈ ಭಾಗವನ್ನು ಯಾಕೋ ಎಲ್ಲರೂ ಬಿಟ್ಟುಬಿಡುತ್ತಾರೆ, ನನಗೆ ಇದೇ ಮುಖ್ಯ. ಆರ್ಮಿ ವಿರುದ್ಧ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ ಅದೇ ಗಸ್ ವೆಲ್ಚ್ ಮುಂದೆ ನಿಂತು, ಶಾಲೆಯ 200ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸಹಿ ಹಾಕಿದ ಅರ್ಜಿಯೊಂದಿಗೆ, ಶಾಲೆಯ ಮೇಲೆ ತನಿಖೆ ಆಗಬೇಕು ಅಂತ ಸರ್ಕಾರವನ್ನು ಕೇಳಿದ. 1914ರ ಫೆಬ್ರವರಿಯಲ್ಲಿ ಸಂಸತ್ತಿನ ಜಂಟಿ ಆಯೋಗವೇ ಕಾರ್ಲೈಲ್‌ಗೆ ಬಂದು ಕೂತಿತು. ಹುಡುಗರು ಒಬ್ಬೊಬ್ಬರಾಗಿ ಬಂದು ಹೇಳಿದರು. ಊಟ ಸಾಲುವುದಿಲ್ಲ, ಹೊಡೆಯುತ್ತಾರೆ, ಕೋಚ್ ಬಾಯಿಗೆ ಬಂದಂತೆ ಬೈಯುತ್ತಾರೆ, ಫುಟ್‌ಬಾಲ್ ದುಡ್ಡು ಎಲ್ಲಿ ಹೋಗುತ್ತದೆ ಗೊತ್ತಿಲ್ಲ. ನಿಧಿಯ ಪುಸ್ತಕಗಳು ಹೊರಬಂದವು. ಫ್ರೀಡ್‌ಮನ್ ಕೆಲಸ ಹೋಯಿತು. ವಾರ್ನರ್ ಆ ವರ್ಷದ ಸೀಸನ್ ಮುಗಿಸಿ ಪಿಟ್ಸ್‌ಬರ್ಗ್‌ಗೆ ಹೋದರು, ಅಲ್ಲೂ ದೊಡ್ಡ ಕೋಚ್ ಆದರು. ಇವತ್ತಿಗೂ ಅಮೆರಿಕದಲ್ಲಿ ಚಿಕ್ಕಮಕ್ಕಳ ಫುಟ್‌ಬಾಲ್ ಲೀಗ್ ನಡೆಯುವುದು 'ಪಾಪ್ ವಾರ್ನರ್' ಹೆಸರಲ್ಲಿ. ಕಾರ್ಲೈಲ್ ಶಾಲೆ 1918ರಲ್ಲಿ ಮುಚ್ಚಿತು.

ಇಲ್ಲಿಂದ ಇವತ್ತಿನವರೆಗಿನ ದಾರಿ ನೇರವಾಗಿಯೇ ಇದೆ. 1950ರ ದಶಕದಲ್ಲಿ ಕೊಲರಾಡೊದ ಒಬ್ಬ ಕಾಲೇಜು ಆಟಗಾರ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ಸತ್ತ. ಕೆಲಸದಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಅವನ ಹೆಂಡತಿ ಕೇಳಿದರು. ಅವನು ಕೆಲಸಗಾರನಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪು ಕೊಟ್ಟಿತು. ಇಂಥ ಹಕ್ಕುಗಳು ಹುಟ್ಟದಿರಲಿ ಅಂತಲೇ ಎನ್‌ಸಿಎಎ ಆ ಕಾಲದಲ್ಲಿ 'ಸ್ಟೂಡೆಂಟ್ ಅಥ್ಲೀಟ್' ಅನ್ನುವ ಪದವನ್ನು ತಂದು ಎಲ್ಲ ಕಡೆ ಬಳಸಲು ಹೇಳಿತು. ಪದ ಸಾಧುವಾಗಿ ಕೇಳಿಸುತ್ತದೆ, ಅದರ ಕೆಲಸ ಮಾತ್ರ ಕೋರ್ಟಿನದು. ಟಿವಿ ಬಂದು ಕೋಟಿಗಟ್ಟಲೆ ಡಾಲರ್ ಹರಿದಾಗಲೂ ಅದೇ ಪದ ಅಡ್ಡ ನಿಂತಿತು. 2005ರಲ್ಲಿ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ರೆಜಿ ಬುಷ್, ಏಜೆಂಟರಿಂದ ಅನುಕೂಲ ಪಡೆದ ಅನ್ನುವ ಕಾರಣಕ್ಕೆ 2010ರಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು, 2024ರಲ್ಲಿ ವಾಪಸ್ ಸಿಕ್ಕಿತು. ಥಾರ್ಪ್ ಕಥೆಯೇ ಇದು, ಪುಣ್ಯಕ್ಕೆ ಈ ಸಲ ಮನುಷ್ಯ ಬದುಕಿದ್ದ. 2021ರ ಜೂನ್‌ನಲ್ಲಿ, ಆಟಗಾರರಿಗೆ ಕೊಡುವ ಓದಿನ ಸವಲತ್ತುಗಳಿಗೆ ಮಿತಿ ಹಾಕಿದ್ದರ ಮೇಲಿನ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು ಅಂತಾಯಿತು. ಕೊನೆಗೆ 2025ರ ರಾಜಿ.

ಈಗಿನ ವ್ಯವಸ್ಥೆಯಲ್ಲಿ ತೊಂದರೆಗಳಿಲ್ಲ ಅಂತ ನಾನು ಹೇಳುವುದಿಲ್ಲ. ದುಡ್ಡಿನ ಬಹುಪಾಲು ಫುಟ್‌ಬಾಲ್ ಮತ್ತು ಗಂಡಸರ ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಹೆಣ್ಣುಮಕ್ಕಳ ಪಾಲಿನ ಬಗ್ಗೆ ಕೋರ್ಟಿನಲ್ಲಿ ಜಗಳ ನಡೆದಿದೆ. ಈಜು, ಟೆನಿಸ್, ಓಟದಂಥ ಟಿಕೆಟ್ ಹುಟ್ಟದ ಆಟಗಳ ತಂಡಗಳನ್ನು ಕೆಲವು ಕಾಲೇಜುಗಳು ಮುಚ್ಚುತ್ತಿವೆ, ಅದು ನಿಜವಾದ ನಷ್ಟ. ಓದಲು ಬೇರೆ ದೇಶದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದ ಆಟಗಾರರಿಗೆ ಈ ದುಡ್ಡು ಮುಟ್ಟುವುದೇ ಕಷ್ಟ, ನಮ್ಮ ಕಡೆಯಿಂದ ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಹೋಗುವ ಮಕ್ಕಳ ಅಪ್ಪ ಅಮ್ಮ ಇದನ್ನು ತಿಳಿದಿರಬೇಕು. ಆದರೆ ಇದೆಲ್ಲ ಹಂಚಿಕೆಯ ತೊಂದರೆ. ಆಟಗಾರನ ಕೈಗೆ ದುಡ್ಡು ಬಂದದ್ದರಿಂದ ಆಟ ಕೆಟ್ಟಿತು ಅನ್ನುವವರು, ಕೋಚ್‌ಗಳ ಸಂಬಳ ಏರಿದಾಗ ಹೀಗೆ ಅಂದದ್ದನ್ನು ನಾನು ಕೇಳಿಲ್ಲ.

2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಷರ್ ಅವರನ್ನು ಕೆಲಸದಿಂದ ತೆಗೆಯಿತು. ಕರಾರಿನ ಪ್ರಕಾರ, ಇನ್ನು ಅಲ್ಲಿ ಕೋಚ್ ಕೆಲಸ ಮಾಡದೇ ಇರುವುದಕ್ಕೆ, ಅವರಿಗೆ ಕೊಡಬೇಕಾದದ್ದು ಸುಮಾರು 7.6 ಕೋಟಿ ಡಾಲರ್. ಈಗಿನ ರಾಜಿ ಒಪ್ಪಂದದಲ್ಲಿ ಆಟಗಾರ ಹೊರಗಿನವರಿಂದ ಒಂದು ಜಾಹೀರಾತಿಗೆ 600 ಡಾಲರ್‌ಗಿಂತ ಹೆಚ್ಚು ಪಡೆದರೆ ಅದನ್ನು ವರದಿ ಮಾಡಬೇಕು, ಅದು ಸರಿಯಾದ ಬೆಲೆಯೇ ಅಂತ ಬೇರೆಯವರು ಪರೀಕ್ಷೆ ಮಾಡುತ್ತಾರೆ. ಕೋಚ್ ಕರಾರಿಗೆ ಅಂಥ ಪರೀಕ್ಷೆ ಇಲ್ಲ.

ಕಾರ್ಲೈಲ್ ಶಾಲೆಯ ಜಾಗದಲ್ಲಿ ಈಗ ಅಮೆರಿಕ ಸೇನೆಯ ವಾರ್ ಕಾಲೇಜ್ ಇದೆ. 2024ರ ಡಿಸೆಂಬರ್‌ನಲ್ಲಿ ಆ ಹಳೇ ಆವರಣವನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. 2017ರಿಂದ ಸೇನೆ ಅಲ್ಲಿನ ಗೋರಿಗಳನ್ನು ಅಗೆದು, ಮಕ್ಕಳ ಅವಶೇಷಗಳನ್ನು ಅವರವರ ಜನಾಂಗದವರಿಗೆ ಒಪ್ಪಿಸುತ್ತಿದೆ. ಹುಡುಗರು ಆಡುತ್ತಿದ್ದ ಇಂಡಿಯನ್ ಫೀಲ್ಡ್ ಕೂಡ ಹಾಗೇ ಇದೆ. 280 ಕೋಟಿಯ ಬಾಕಿ ಲೆಕ್ಕ 2016ರಿಂದ ಶುರುವಾಗುತ್ತದೆ. ಲೆಕ್ಕ ತೋರಿಸಿ ಅಂತ ಗಸ್ ವೆಲ್ಚ್ ಅರ್ಜಿ ಹಿಡಿದುಕೊಂಡು ಹೋಗಿ ಆವತ್ತಿಗೆ ನೂರು ವರ್ಷ ದಾಟಿತ್ತು.